ಮನೆಶಾಲೆಯ ಲೆಕ್ಕಪತ್ರ

ಕೇಂದ್ರ ಸರ್ಕಾರದ ನೌಕರರಿಗೆ ಮಕ್ಕಳ ಶಿಕ್ಷಣ ಭತ್ಯೆ ಎಂಬುದೊಂದು ಉಂಟು. ಏಳನೆಯ ವೇತನ ಆಯೋಗದ ತರುವಾಯ, 2017ರಲ್ಲಿ, ಅದು ಮಗುವೊಂದಕ್ಕೆ ತಿಂಗಳಿಗೆ 2,250 ರೂಪಾಯಿ ಎಂದು ನಿಗದಿಯಾಯಿತು. ಅದನ್ನು ಪಡೆಯಲು ಮುಖ್ಯವಾಗಿ ಬೇಕಾದದ್ದು ಒಂದು ಕಾಗದ: ಮಗು ಇಂಥ ವರ್ಷ ತಮ್ಮಲ್ಲಿ ಓದಿದೆಯೆಂದು ಶಾಲೆಯ ಮುಖ್ಯಸ್ಥರು ಬರೆದುಕೊಡುವ ದೃಢೀಕರಣ. ಸಹೋದ್ಯೋಗಿಗಳು ಆ ಅರ್ಜಿಯನ್ನು ತುಂಬುವ ದಿನಗಳಲ್ಲಿ ಯಾರಾದರೊಬ್ಬರು ಮೇಜಿನ ಬಳಿ ಬಂದು, "ನಿಮ್ಮದು ಇನ್ನೂ ಕೊಟ್ಟಿಲ್ಲವೇ?" ಎಂದು ಕೇಳುತ್ತಾರೆ. ನಮ್ಮ ಮಕ್ಕಳ ಶಾಲೆಗೆ ಮುಖ್ಯಸ್ಥರೂ ನಾವೇ, ಗುಮಾಸ್ತರೂ ನಾವೇ, ಗಂಟೆ ಬಾರಿಸುವವರೂ ನಾವೇ. ನಮ್ಮ ಸಹಿಗೆ ಮಾತ್ರ ಅಲ್ಲಿ ಬೆಲೆಯಿಲ್ಲ. ಈ ಮಾತನ್ನು ದೂರಾಗಿ ಹೇಳುತ್ತಿಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುವವರ ಸ್ಥಿತಿ ಹೇಗಿರುತ್ತದೆ ಎಂಬುದಕ್ಕೆ ಅದೊಂದು ಸಣ್ಣ ನಿದರ್ಶನ, ಅಷ್ಟೆ.

ಐದು ವರ್ಷಗಳ ಕಾಲ ನಾವು ಹೀಗೆ ಕಲಿಸಿದ್ದೇವೆ. ಬರುವ ಜೂನ್ ತಿಂಗಳಿನಲ್ಲಿ ನಮ್ಮ ಹಿರಿಯ ಮಗಳು ಶಾಲೆಗೆ ಸೇರಲಿದ್ದಾಳೆ. ವಿಷಯ ತಿಳಿದ ಬಂಧುಗಳು, "ಅಂತೂ ನಿಮಗೂ ಬುದ್ಧಿ ಬಂತು" ಎಂದು ಸಂತೋಷಪಟ್ಟರು. ಮನೆಶಾಲೆಯನ್ನು ಮೆಚ್ಚಿದ್ದ ಗೆಳೆಯರು, "ಕೊನೆಗೂ ಸೋತಿರಲ್ಲ" ಎಂದು ಬೇಸರಪಟ್ಟರು. ಎರಡು ಮಾತುಗಳೂ ನಮಗೆ ಸರಿಯೆನಿಸಲಿಲ್ಲ. ಆದ್ದರಿಂದಲೇ ಈ ಲೆಕ್ಕಪತ್ರ.

ನಾವು ಯಾವ ತತ್ತ್ವಕ್ಕೂ ಕಟ್ಟುಬಿದ್ದು ಇದನ್ನು ಆರಂಭಿಸಲಿಲ್ಲ. 2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ನಾವು ಹೈದರಾಬಾದಿನಲ್ಲಿದ್ದೆವು. ನಾಲ್ಕು ವರ್ಷದ ಹುಡುಗಿ ಮೊಬೈಲಿನ ಪರದೆಯ ಮುಂದೆ ಕುಳಿತು, ಕಾಣದ ಗೆಳತಿಯರ ನಡುವೆ ತನ್ನ ಸರದಿಗಾಗಿ ಕಾಯುವುದನ್ನು ಕೆಲವು ವಾರ ನೋಡಿದೆವು, ಆಮೇಲೆ ನಿಲ್ಲಿಸಿದೆವು. ಶಾಲೆಗಳು ತೆರೆಯುವ ಹೊತ್ತಿಗೆ ಪುಣೆಗೆ ವರ್ಗಾವಣೆಯಾಯಿತು. ತೆಲುಗಿನಲ್ಲಿ ಆಡಲು ಕಲಿತಿದ್ದವಳು ಮರಾಠಿಗೆ ಹೊರಳಬೇಕಾಯಿತು. ಇನ್ನೊಂದು ವರ್ಷ ನೋಡೋಣ ಎಂದೆವು. ಆ ಒಂದು ವರ್ಷವೇ ಬೆಳೆಯುತ್ತ ಹೋಯಿತು. ನಮ್ಮಲ್ಲೊಬ್ಬರು ಕಚೇರಿಗೆ ಹೋಗುತ್ತೇವೆ, ಇನ್ನೊಬ್ಬರು ಮನೆಯಿಂದಲೇ ಕೆಲಸ ಮಾಡುತ್ತೇವೆ. ಒಂದು ಖಾಯಂ ಸಂಬಳ ಮತ್ತು ಮನೆಯಲ್ಲಿ ಒಬ್ಬ ಹಿರಿಯರ ಹಾಜರಿ, ಇವೆರಡೂ ಇಲ್ಲದಿದ್ದರೆ ಈ ಪ್ರಯೋಗ ಒಂದು ತಿಂಗಳೂ ನಡೆಯುತ್ತಿರಲಿಲ್ಲ. ಮನೆಶಾಲೆಯ ಗುಣಗಾನ ಮಾಡುವವರು ಈ ಸಂಗತಿಯನ್ನು ಮೊದಲು ಹೇಳಬೇಕು.

ನಮ್ಮ ದಿನಚರಿಯಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲ. ಬೆಳಗಿನ ತಿಂಡಿಯಾದ ಮೇಲೆ ಒಂದೂವರೆ ಗಂಟೆ ಓದು, ಬರಹ, ಲೆಕ್ಕ. ಆಮೇಲೆ ಅಡುಗೆಮನೆ, ಗಿಡಗಳಿಗೆ ನೀರು, ತರಕಾರಿ ಖರೀದಿ. ಮಧ್ಯಾಹ್ನ ಹಿರಿಯವಳು ತನಗೆ ಬೇಕಾದ್ದನ್ನು ಮಾಡುತ್ತಾಳೆ. ಆರು ವರ್ಷದ ಕಿರಿಯವನು ಅಕ್ಕ ಮಾಡುವುದನ್ನು ಕೆಡಿಸುತ್ತಾನೆ. ಸಂಜೆ ವಠಾರದ ಮಕ್ಕಳು ಶಾಲೆಯಿಂದ ಬಂದೊಡನೆ ಇಬ್ಬರೂ ಅಂಗಳಕ್ಕೆ ಓಡುತ್ತಾರೆ. ದೋಸೆಯ ಹಿಟ್ಟಿಗೆ ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದು ಎಂದು ಅಳೆಯುವಾಗ ಅನುಪಾತ ಬಂದಿತು. ಹಿಟ್ಟು ಬೇಸಿಗೆಯಲ್ಲಿ ಬೇಗ ಹುದುಗುವುದೂ ಡಿಸೆಂಬರಿನಲ್ಲಿ ತಡಮಾಡುವುದೂ ಏಕೆಂಬ ಪ್ರಶ್ನೆಯಿಂದ ಕಣ್ಣಿಗೆ ಕಾಣದ ಜೀವಿಗಳ ಮಾತು ಬಂದಿತು. ಮಕ್ಕಳಿಬ್ಬರೂ ಜಗಳವಾಡಿ ಯಾರೂ ಏನೂ ಕಲಿಯದೆ ಕಳೆದ ದಿನಗಳೂ ಬೇಕಾದಷ್ಟಿವೆ. ಅವನ್ನು ಮರೆಮಾಚಿದರೆ ಈ ಬರಹ ಜಾಹೀರಾತಾದೀತು.

ಕನ್ನಡದ ಅಕ್ಷರಾಭ್ಯಾಸದ ಕಥೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಹೊರನಾಡಿನಲ್ಲಿರುವ ಓದುಗರಿಗೆ ಅದರ ಕಷ್ಟ ಗೊತ್ತಿದೆ. ಊರಿನಲ್ಲಿ ಮಗು ಅಂಗಡಿಯ ಫಲಕ, ಸಿನಿಮಾ ಭಿತ್ತಿಪತ್ರ, ಗೋಡೆಬರಹಗಳನ್ನು ಓದುತ್ತ ತನಗೆ ತಿಳಿಯದೆಯೇ ಲಿಪಿಯನ್ನು ಕಲಿಯುತ್ತದೆ. ಪುಣೆಯ ಬೀದಿಗಳು ಕಲಿಸುವುದು ದೇವನಾಗರಿಯನ್ನು. ಕನ್ನಡ ನಮ್ಮ ಮನೆಯಲ್ಲಿ ಕಿವಿಗೆ ಉಂಟು, ಕಣ್ಣಿಗೆ ಇಲ್ಲ. ಏಳು ವರ್ಷ ತುಂಬಿದರೂ ಮಗಳು ಕನ್ನಡದಲ್ಲಿ ಒಂದು ಸಾಲನ್ನು ಓದುತ್ತಿರಲಿಲ್ಲ. ಪ ಮತ್ತು ವ ಅವಳಿಗೆ ಒಂದೇ ಆಗಿ ಕಾಣುತ್ತಿದ್ದವು. ಧಾರವಾಡದಿಂದ ಅಜ್ಜಿ ಪ್ರತಿ ಭಾನುವಾರ ಫೋನಿನಲ್ಲಿ, "ಓದಲಿಕ್ಕೆ ಬಂತೇನು?" ಎಂದು ಕೇಳುವಾಗ ನಮ್ಮ ಎದೆ ಡವಗುಟ್ಟುತ್ತಿತ್ತು.

ಒಂದು ಸಂಜೆ ಊರಿಗೆ ಹೋಗಲೆಂದು ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಮರಾಠಿ ಫಲಕಗಳ ಬಸ್ಸುಗಳ ನಡುವೆ ನಮ್ಮ ಕಡೆಯ ಬಸ್ಸೊಂದು ಬಂದು ನಿಂತಿತು. ಮಗಳು ಅದರ ಫಲಕವನ್ನು ದಿಟ್ಟಿಸಿ, ಒಂದೊಂದೇ ಅಕ್ಷರವನ್ನು ಕೂಡಿಸಿ, "ಬೆ-ಳ-ಗಾ-ವಿ" ಎಂದಳು. ಆಮೇಲೆ ಬಸ್ಸಿನ ಮೈಮೇಲೆ ಬರೆದ "ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ" ಎಂಬುದರೊಡನೆ ಹೋರಾಡತೊಡಗಿದಳು. "ವಾಯವ್ಯ"ದ ಒತ್ತಕ್ಷರದಲ್ಲಿ ಸೋತಳು, "ರಸ್ತೆ"ಯಲ್ಲಿ ಗೆದ್ದಳು. ಹೊರಡುವ ಅವಸರದಲ್ಲಿದ್ದ ಕಂಡಕ್ಟರರು ನಿಂತು, ಅವಳು ಮುಗಿಸುವವರೆಗೆ ಕಾದರು. ಆಮೇಲೆ ಮೂರು ತಿಂಗಳಲ್ಲಿ ಅವಳು ಕುವೆಂಪು ಅವರ "ಬೊಮ್ಮನಹಳ್ಳಿಯ ಕಿಂದರಿಜೋಗಿ"ಯನ್ನು ತಾನೇ ಓದಿಕೊಂಡಳು. ಅದರ ಮೂಲವಾದ ಬ್ರೌನಿಂಗನ ಇಂಗ್ಲಿಷ್ ಕವಿತೆಯನ್ನು ಕಾಲೇಜಿನಲ್ಲಿ ಓದಿದ್ದ ನಮಗೆ, ಅದು ಅವಳಿಗೆ ಮೊದಲು ಕನ್ನಡದಲ್ಲಿ ಸಿಕ್ಕಿದ್ದು ಸಮಾಧಾನ ತಂದಿತು.

ಆ ಹೆದ್ದಾರಿಯೇ ನಮ್ಮ ಭೂಗೋಳದ ಪುಸ್ತಕವೂ ಆಯಿತು. ಪುಣೆಯಿಂದ ಧಾರವಾಡದವರೆಗೆ ಎಷ್ಟು ಹೊಳೆಗಳನ್ನು ದಾಟುತ್ತೇವೆಂದು ಎಣಿಸುವ ಆಟವನ್ನು ಮಕ್ಕಳು ಕಂಡುಕೊಂಡರು. ಶಿರವಳದ ಬಳಿ ನೀರಾ, ಸಾತಾರೆಗೆ ಮುಂಚೆ ಕೃಷ್ಣಾ, ಕರಾಡದಲ್ಲಿ ಕೊಯ್ನಾ, ಆಮೇಲೆ ವಾರಣಾ, ಕೊಲ್ಹಾಪುರದಲ್ಲಿ ಪಂಚಗಂಗಾ, ಗಡಿಯ ಹತ್ತಿರ ದೂಧಗಂಗಾ ಮತ್ತು ವೇದಗಂಗಾ, ಸಂಕೇಶ್ವರದಲ್ಲಿ ಹಿರಣ್ಯಕೇಶಿ, ಮುಂದೆ ಘಟಪ್ರಭಾ, ಬೆಳಗಾವಿಗೆ ಮುನ್ನ ಮಾರ್ಕಂಡೇಯ, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ. ಮನೆಗೆ ಬಂದು ನಕ್ಷೆಯ ಮೇಲೆ ಒಂದೊಂದನ್ನೂ ಬೆರಳಿನಿಂದ ಹಿಂಬಾಲಿಸಿದಾಗ ಎಲ್ಲವೂ ಒಂದಲ್ಲ ಒಂದು ದಾರಿಯಿಂದ ಕೃಷ್ಣೆಯನ್ನೇ ಸೇರುತ್ತಿದ್ದವು. ನೀರಾ ಒಂದು ಮಾತ್ರ ಬೇರೆ ದಿಕ್ಕಿಗೆ ಹೊರಟಿತ್ತು. ಅದು ಭೀಮೆಗೆ ಹೋಗುತ್ತದೆ. ಭೀಮೆಯೋ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಗಾಣಗಾಪುರವನ್ನು ಹಾಯ್ದು, ಕೊನೆಗೆ ತಾನೂ ಕೃಷ್ಣೆಯನ್ನೇ ಕೂಡುತ್ತದೆ. ಅಷ್ಟು ಹೊತ್ತಿಗೆ ಮಗಳ ಬೆರಳು ಪುಣೆಗೆ ಮರಳಿತ್ತು. "ಹಾಗಾದರೆ ನಮ್ಮ ಮುಠಾ?" ಮುಠಾ ಮುಳೆಯನ್ನು ಕೂಡಿ, ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ತಾನು ದಿನವೂ ಸೇತುವೆಯ ಮೇಲಿಂದ ನೋಡುವ ಕೊಳಕು ನೀರು ಕರ್ನಾಟಕಕ್ಕೆ ಹೋಗುತ್ತದೆ ಎಂಬುದನ್ನು ಅವಳು ತಾನಾಗಿ ಕಂಡುಹಿಡಿದಳು. ಆ ದಿನ ಅವಳಿಗೆ ಆದ ಸಂತೋಷ, ಅದರ ಹಿಂದೆಯೇ "ನಾವು ಅವರಿಗೆ ಗಲೀಜು ನೀರು ಕಳುಹಿಸುತ್ತೇವೆಯೇ?" ಎಂದು ಹುಟ್ಟಿದ ಸಂಕಟ, ಎರಡನ್ನೂ ನಾವು ಪಾಠವಾಗಿ ಯೋಜಿಸಿರಲಿಲ್ಲ. ಸಣ್ಣ ಮಕ್ಕಳಿಗೆ ಸಮಯದ ಬಿಡುವು ಕೊಟ್ಟರೆ ಇಂಥದು ನಡೆಯುತ್ತದೆ. ಒಂದು ಪ್ರಶ್ನೆಯ ಹಿಂದೆ ಎರಡು ದಿನ ಅಲೆಯುವ ಅವಕಾಶವನ್ನು ನಲವತ್ತು ನಿಮಿಷದ ಪಿರಿಯಡ್ಡು ಎಷ್ಟೇ ಒಳ್ಳೆಯ ಶಿಕ್ಷಕರಿದ್ದರೂ ಕೊಡಲಾರದು. ಮನೆಶಾಲೆಯ ಪರವಾಗಿ ನಾವು ಹೇಳುವ ವಾದ ಇದೊಂದೇ. ಉಳಿದವು ಪೂರಕ.

ಇನ್ನು ಖರ್ಚಿನ ಕಡೆಗೆ ಬರುತ್ತೇವೆ.

ಕಳೆದ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಭಾಗಾಕಾರದ ಲೆಕ್ಕವೊಂದು ಮೂರನೆಯ ಸಲವೂ ತಪ್ಪಿತು. ಕಚೇರಿಗೆ ತಡವಾಗುತ್ತಿತ್ತು, ಹಿಂದಿನ ದಿನದ ಯಾವುದೋ ಕಡತದ ಕಿರಿಕಿರಿಯೂ ತಲೆಯಲ್ಲಿತ್ತು. ಧ್ವನಿ ಏರಿತು, ಪುಸ್ತಕ ಮೇಜಿನ ಮೇಲೆ ಬಡಿಯಿತು. ಮಗಳು ಅಳಲಿಲ್ಲ. ರಾತ್ರಿ ಮಲಗುವ ಮುನ್ನ ಬಹಳ ಸಾವಧಾನವಾಗಿ ಹೇಳಿದಳು: "ಶಾಲೆಯ ಹುಡುಗರಿಗೆ ಟೀಚರ್ ಬೈದರೆ ಅವರು ಮನೆಗೆ ಬಂದು ಅಮ್ಮ-ಅಪ್ಪನಿಗೆ ಹೇಳುತ್ತಾರೆ. ನಾನು ಯಾರಿಗೆ ಹೇಳಲಿ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಶಾಲೆಯೆಂದರೆ ಗಂಟೆ, ಸಮವಸ್ತ್ರ, ಕಂಠಪಾಠ ಎಂದೇ ನಾವು ಬಗೆದಿದ್ದೆವು. ಮನೆಯಿಂದ ತಪ್ಪಿಸಿಕೊಳ್ಳಲು ಮಗುವಿಗಿರುವ ಜಾಗವೂ ಶಾಲೆಯೇ, ಶಾಲೆಯಿಂದ ತಪ್ಪಿಸಿಕೊಂಡು ಬರಲು ಇರುವ ಜಾಗವೇ ಮನೆ, ಎರಡೂ ಬೇರೆಬೇರೆಯಾಗಿರುವುದರಲ್ಲಿ ಮಗುವಿಗೊಂದು ರಕ್ಷಣೆಯಿದೆ ಎಂಬುದು ನಮ್ಮ ಎಣಿಕೆಯಲ್ಲಿ ಇರಲೇ ಇಲ್ಲ. ಮರುವಾರದಿಂದ ಲೆಕ್ಕವನ್ನು ಕಲಿಸಲು ನೆರೆಯ ನಿವೃತ್ತ ಶಿಕ್ಷಕಿಯೊಬ್ಬರನ್ನು ಕೇಳಿಕೊಂಡೆವು. ಪ್ರತಿ ಮಾರ್ಚಿಯಲ್ಲೂ "ಶಾಲೆಗೆ ಹೋಗುತ್ತೀಯಾ?" ಎಂದು ಮಗಳನ್ನು ಕೇಳುವ ಪದ್ಧತಿಯಿತ್ತು; ಆದರೆ ಇಲ್ಲವೆಂಬ ಉತ್ತರವೇ ನಮಗೆ ಬೇಕಾಗಿದೆಯೆಂದು ನಮ್ಮ ಮುಖವೇ ಹೇಳುತ್ತಿತ್ತೇನೋ. ಈ ಸಲ ಅದನ್ನು ಪ್ರಾಮಾಣಿಕವಾಗಿ ಕೇಳಿದೆವು. ಅವಳು ಒಂದು ದಿನ ಯೋಚಿಸಿ, ಹೌದು ಎಂದಳು.

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಈ ವಿಷಯವನ್ನು ಯಾವ ರಿಯಾಯಿತಿಯೂ ಇಲ್ಲದೆ ಬರೆದಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ಅವರು ಮಕ್ಕಳಿಗೆ ತಾವೇ ಕಲಿಸಲು ಹೊರಟರು. ಜೊಹಾನ್ಸ್‌ಬರ್ಗಿನಲ್ಲಿ ಮನೆಯಿಂದ ಕಚೇರಿಗೆ ನಡೆಯುವ ದಾರಿಯನ್ನೇ ಪಾಠದ ಹೊತ್ತು ಮಾಡಿಕೊಂಡರು. ಮಕ್ಕಳೊಡನೆ ಚಿಕ್ಕಂದಿನಿಂದಲೇ ಇಂಗ್ಲಿಷಿನಲ್ಲಿ ಮಾತನಾಡಬೇಕೆಂದು ಗೆಳೆಯ ಪೋಲಕ್ ಎಷ್ಟು ವಾದಿಸಿದರೂ ಗುಜರಾತಿಯನ್ನು ಬಿಡಲಿಲ್ಲ. ಹೊರನಾಡಿನಲ್ಲಿರುವ ನಮಗೆ ಆ ವಾದ ಇಂದಿಗೂ ಹಳೆಯದಾಗಿಲ್ಲ. ಆದರೆ ತಾವು ಅಕ್ಷರವಿದ್ಯೆಗೆ ಸಾಕಷ್ಟು ಸಮಯ ಕೊಡಲಾಗಲಿಲ್ಲವೆಂದೂ, ಅದಕ್ಕಾಗಿ ಮಕ್ಕಳು ತಮ್ಮ ಮೇಲೆ ದೂರು ಹೇಳಿದ್ದುಂಟೆಂದೂ ಅವರೇ ಒಪ್ಪಿಕೊಂಡಿದ್ದಾರೆ. ಹಿರಿಯ ಮಗ ಹರಿಲಾಲನ ಮುನಿಸಿನಲ್ಲಿ ತನಗೆ ಶಾಸ್ತ್ರೋಕ್ತ ಶಿಕ್ಷಣ ತಪ್ಪಿತೆಂಬ ಕೊರಗೂ ಸೇರಿತ್ತು. ತಂದೆತಾಯಿಯರ ಆದರ್ಶ ಎಷ್ಟೇ ದೊಡ್ಡದಾಗಿದ್ದರೂ ಅದರ ಬೆಲೆಯನ್ನು ಮಗು ತೆರುತ್ತದೆ. ಆದ್ದರಿಂದ ಲೆಕ್ಕ ಕೇಳುವ ಹಕ್ಕು ಮಗುವಿಗೆ ಇರಲೇಬೇಕು.

ಕಾನೂನಿನ ಮಾತನ್ನೂ ಹೇಳಬೇಕು; ಈ ದಾರಿಯನ್ನು ಹಿಡಿಯಬೇಕೆನ್ನುವವರು ಮೊದಲು ಕೇಳುವುದು ಅದನ್ನೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಅದರ 10ನೆಯ ಕಲಮು ಹೇಳುತ್ತದೆ. ಸೇರಿಸದ ಪಾಲಕರಿಗೆ ಶಿಕ್ಷೆಯನ್ನು ವಿಧಿಸಿಲ್ಲ. ಮನೆಶಾಲೆಯ ಹೆಸರನ್ನೇ ಅದು ಎತ್ತುವುದಿಲ್ಲ. ಒಂದೆಡೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಸಮನಾದ ಹಂತಗಳಿವೆ, ಹದಿನಾಲ್ಕು ತುಂಬಿದವರಿಗೆ ಹತ್ತನೆಯ ತರಗತಿಯ ಪರೀಕ್ಷೆಯೂ ಇದೆ. ಇನ್ನೊಂದೆಡೆ ಮನೆಯಲ್ಲಿ ಕಲಿಯುವ ಮಗು ಕಾನೂನಿನ ಕಣ್ಣಿಗೆ ಶಾಲೆ ಬಿಟ್ಟ ಮಗುವಿನಂತೆಯೇ ಕಾಣುತ್ತದೆ.

ಈ ಮಸುಕು ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಅದನ್ನು ಕೇಳುವುದು ನಮ್ಮಂಥವರ ಅನುಕೂಲಕ್ಕಾಗಿ ಮಾತ್ರವಲ್ಲ. ಮನೆಯಲ್ಲಿ ಕಲಿಯುವ ಮಗುವಿನ ಹೆಸರು ಎಲ್ಲಿಯೂ ದಾಖಲಾಗದಿದ್ದರೆ ಆ ಮಗು ಕಲಿಯುತ್ತಿದೆಯೋ, ಮನೆಗೆಲಸದಲ್ಲಿ ಸವೆಯುತ್ತಿದೆಯೋ, ಯಾರ ಕೋಪಕ್ಕೆ ತುತ್ತಾಗುತ್ತಿದೆಯೋ ಕೇಳುವವರಿಲ್ಲ. ವರ್ಷಕ್ಕೊಮ್ಮೆ ಹೆಸರು ನೋಂದಾಯಿಸುವುದು, ಹತ್ತಿರದ ಶಾಲೆಯ ಶಿಕ್ಷಕರೊಬ್ಬರು ಬಂದು ಮಗುವಿನೊಡನೆ, ಪಾಲಕರು ಎದುರಿಗಿಲ್ಲದಂತೆ, ಅರ್ಧ ಗಂಟೆ ಮಾತನಾಡುವುದು, ಇಷ್ಟನ್ನು ಕಾನೂನು ಕಡ್ಡಾಯಗೊಳಿಸಿದರೆ ನಾವು ಸ್ವಾಗತಿಸುತ್ತೇವೆ. ಮನೆಶಾಲೆಯ ಕೆಲವು ಗೆಳೆಯರಿಗೆ ಇದು ಸರ್ಕಾರ ಮನೆಯೊಳಗೆ ಇಣುಕಿದಂತೆ ತೋರುತ್ತದೆ. ಅವರ ಅಂಜಿಕೆ ಆಧಾರವಿಲ್ಲದ್ದಲ್ಲ. ತಪಾಸಣೆ ಎಂಬುದು ಕಿರುಕುಳವಾಗುವುದು ಎಷ್ಟು ಸುಲಭವೆಂದು ಸರ್ಕಾರಿ ನೌಕರರಾದ ನಾವು ಬಲ್ಲೆವು. ಆದರೂ "ನಾನು ಯಾರಿಗೆ ಹೇಳಲಿ?" ಎಂದು ಕೇಳಿದ ಮಗುವಿಗೆ ಯಾರಾದರೊಬ್ಬರು ಇರಬೇಕು.

ಹೊರನಾಡಿನ ಕನ್ನಡ ಬಂಧುಗಳಿಗೆ ನಾವು ಹೇಳುವುದು, ನಮ್ಮಂತೆ ಮಾಡಿ ಎಂದಲ್ಲ. ಬಹುಪಾಲು ಮನೆಗಳಿಗೆ ಅದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಆದರೆ ಶುಲ್ಕ ಕಟ್ಟಿದ ಕೂಡಲೇ ಕಲಿಸುವ ಹೊಣೆ ಮುಗಿಯಿತೆಂದು ಕೈತೊಳೆದುಕೊಂಡರೆ ಮೊದಲು ಕಳೆದುಹೋಗುವುದು ಕನ್ನಡ. ಪುಣೆ, ದೆಹಲಿ, ಚೆನ್ನೈಗಳ ಬಹಳಷ್ಟು ಶಾಲೆಗಳು ಅದನ್ನು ಕಲಿಸುವುದಿಲ್ಲ. ಕಲಿಸಬೇಕೆಂದು ಕೇಳುವುದೂ ಕಷ್ಟ. ದಿನಕ್ಕೆ ಒಂದು ಗಂಟೆ, ಅದೂ ಆಗದಿದ್ದರೆ ಅರ್ಧ ಗಂಟೆ, ಮೊಬೈಲನ್ನು ಬದಿಗಿಟ್ಟು ಮಗುವಿನೊಡನೆ ಕನ್ನಡದಲ್ಲಿ ಏನನ್ನಾದರೂ ಓದುವುದು, ಅಳೆಯುವುದು, ನಕ್ಷೆ ನೋಡುವುದು ಪ್ರತಿ ಮನೆಗೂ ಸಾಧ್ಯ. ಗಾಂಧೀಜಿಯವರ ಹಳಹಳಿಕೆಯೂ ಆ ಒಂದು ಗಂಟೆಯನ್ನು ತಪ್ಪದೆ ಕೊಡಲಾಗಲಿಲ್ಲವೆಂಬುದೇ ಆಗಿತ್ತು.

ಮಗಳು ಸೇರಲಿರುವ ಶಾಲೆ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಹಿಂದೆ ಶಾಲೆಗೆ ಸೇರದಿದ್ದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಅದೇ ಕಾಯ್ದೆಯ 4ನೆಯ ಕಲಮು ಹೇಳುವುದರಿಂದ ಅವಳಿಗೆ ನಾಲ್ಕನೆಯ ತರಗತಿ ದೊರೆತಿದೆ. ತಮ್ಮ ಇನ್ನೂ ಒಂದು ವರ್ಷ ಮನೆಯಲ್ಲೇ ಇರುತ್ತಾನೆ. ಬರುವ ಮಾರ್ಚಿಯಲ್ಲಿ ಅವನನ್ನೂ ಕೇಳುತ್ತೇವೆ. ಮೊನ್ನೆ ಮಗಳು ಹೊಸ ಚೀಲದಲ್ಲಿ ಮೊದಲು ಇಟ್ಟುಕೊಂಡದ್ದು ತಾನು ಬಿಡಿಸಿದ ಹೊಳೆಗಳ ನಕ್ಷೆಯನ್ನು. ಅದನ್ನು ಅಲ್ಲಿ ಯಾರಿಗೆ ತೋರಿಸುತ್ತೀಯೆಂದು ನಾವು ಕೇಳಲಿಲ್ಲ. ಈ ವರ್ಷ ಶಿಕ್ಷಣ ಭತ್ಯೆಯ ಅರ್ಜಿಯನ್ನು, ಒಂದು ಮಗುವಿನ ಹೆಸರಿನಲ್ಲಿ, ನಾವೂ ತುಂಬಲಿದ್ದೇವೆ.