ಬೀರುವಿನ ಬೀಗದ ಕೈ

ಹೋದ ಸಲದ ಡಿಸೆಂಬರ್, ಒಂದು ಶನಿವಾರ. ಬೆಳಗಿನ ಜಾವ ಐದು ಗಂಟೆ. ಅರಸೀಕೆರೆಯ ಚಳಿಯಲ್ಲಿ ನಾವು ಮೂರು ಜನ ಮೇಷ್ಟ್ರ ಮನೆ ಜಗಲಿ ಮೇಲೆ ಕೂತು ಒಂದು ಬೀಗದ ಕೈಗೆ ಕಾಯ್ತಾ ಇದ್ವಿ.

ಆ ಬೀಗದ ಕೈ ಇದ್ದದ್ದು ಹಾಸನದ ಒಂದು ಆಸ್ಪತ್ರೆಯಲ್ಲಿ, ಮೇಷ್ಟ್ರ ಅಂಗಿ ಜೇಬಿನಲ್ಲಿ. ಹಿಂದಿನ ರಾತ್ರಿ ಅವರಿಗೆ ಎದೆನೋವು ಬಂದಿತ್ತು.

ನಮ್ಮದು ಒಂದು ಸಣ್ಣ ಸಂಘ. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯಿಂದ ಬೆಂಗಳೂರಿಗೆ ಹೋಗಿ ಸೇರಿಕೊಂಡವರು ಮತ್ತು ಊರಲ್ಲೇ ಉಳಿದವರು ಸೇರಿ ಮಾಡ್ಕೊಂಡಿದ್ದು. ಸಂಬಳದವರು ಒಬ್ಬರೂ ಇಲ್ಲ. ನವೆಂಬರ್‌ನಲ್ಲಿ ರಾಜ್ಯೋತ್ಸವ, ಜೂನ್‌ನಲ್ಲಿ ಒಂದಷ್ಟು ಮಕ್ಕಳಿಗೆ ನೋಟ್‌ಬುಕ್ಕು, ಡಿಸೆಂಬರ್‌ನಲ್ಲಿ ಸರ್ಕಾರಿ ಶಾಲೆ ಮಕ್ಕಳನ್ನ ಹಳೇಬೀಡು, ಬೇಲೂರಿಗೆ ಒಂದು ದಿನದ ಪ್ರವಾಸ. ಬೇಲೂರು, ಹಳೇಬೀಡಿನ ದೇವಸ್ಥಾನಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಪ್ರಪಂಚದ ಜನ ಬಂದು ನೋಡ್ತಾರೆ. ಪಕ್ಕದ ತಾಲ್ಲೂಕಿನ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಇನ್ನೂ ನೋಡಿಲ್ಲ. ಅದಕ್ಕೇ ಈ ಪ್ರವಾಸ.

ಸಂಘದ ಕಚೇರಿ ಅಂದ್ರೆ ಮೇಷ್ಟ್ರ ಮನೆ ಹಜಾರದಲ್ಲಿರೋ ಕಬ್ಬಿಣದ ಬೀರು. ಪ್ರವಾಸದ ಅನುಮತಿ ಪತ್ರ, ಪೋಷಕರ ಒಪ್ಪಿಗೆ ಪತ್ರಗಳು, ಬಸ್ಸಿನವರಿಗೆ ಕೊಡಬೇಕಾದ ಬಾಕಿಯ ಚೆಕ್ಕು, ಊಟದವರ ನಂಬರು ಎಲ್ಲವೂ ಅದರೊಳಗೆ. ಆರೂವರೆಗೆ 92 ಮಕ್ಕಳು ಶಾಲೆ ಮುಂದೆ ನಿಲ್ಲೋರಿದ್ದರು. ಕೆಲವರು ಹಿಂದಿನ ರಾತ್ರಿ ನಿದ್ದೆಯನ್ನೇ ಮಾಡಿರಲ್ಲ ಅಂತ ನಮಗೆ ಗೊತ್ತು.

ಐದೂಕಾಲಿಗೆ ಮೇಷ್ಟ್ರ ಅಳಿಯ ಹಾಸನದಿಂದ ಬೈಕಿನಲ್ಲಿ ಬಂದ್ರು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕೂತಿದ್ದ ಮನುಷ್ಯ. ಮಂಜು ಮುಸುಕಿದ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್‌ಗೂ ಮೇಲೆ ಗಾಡಿ ಓಡಿಸಿಕೊಂಡು ಬಂದಿದ್ದು ಒಂದು ಬೀಗದ ಕೈ ಕೊಡೋದಕ್ಕೆ. "ಮಾವ ಈಗ ಪರವಾಗಿಲ್ಲ. ಕಣ್ಣು ಬಿಟ್ಟ ತಕ್ಷಣ ಮಕ್ಕಳು ಹೊರಟರಾ ಅಂತ ಕೇಳಿದ್ರು" ಅಂದ್ರು. ನನಗೆ ಅವರ ಮುಖ ನೋಡೋಕೆ ಆಗಲಿಲ್ಲ.

ಆದರೂ ಒಳಗೊಳಗೇ ಸಿಟ್ಟಿತ್ತು, ಸುಳ್ಳು ಹೇಳಲ್ಲ. ಇಪ್ಪತ್ತು ವರ್ಷದಿಂದ ಇವರೇ ಖಜಾಂಚಿ. ಎಲ್ಲಾ ಕೆಲಸಾನೂ ತಾವೇ ಇಟ್ಕೊಂಡಿದ್ದಾರೆ, ಯಾರಿಗೂ ಬಿಟ್ಟುಕೊಡಲ್ಲ, ಎಲ್ಲವೂ ಇನ್ನೂ ಡೈರಿಯಲ್ಲೇ, ಒಂದು ಎಕ್ಸೆಲ್ ಶೀಟ್ ಕೂಡ ಇಲ್ಲ ಅಂತ. ಇದನ್ನೇ ನಾವು ಬೆಂಗಳೂರಿನವರು ಎಷ್ಟೋ ಸಲ ಕಾಫಿ ಕುಡೀತಾ ಮಾತಾಡಿಕೊಂಡಿದ್ವಿ.

ಊಟದವರ ನಂಬರು ಹುಡುಕ್ತಾ ಆ ಡೈರಿ ತಿರುವಿ ಹಾಕಿದೆ. ಕೊನೆಯ ಪುಟಗಳಲ್ಲಿ, ಕಪ್ಪು ಹಲಗೆ ಮೇಲೆ ಬರೆದಷ್ಟು ಗುಂಡಗಿನ ಅಕ್ಷರದಲ್ಲಿ, ಒಂದು ತಲೆಬರಹ: 'ಲೆಕ್ಕ ಕಲಿಯಲು ಕೇಳಿದವರು.' ಕೆಳಗೆ ಹೆಸರುಗಳು, ಪ್ರತಿ ಹೆಸರಿನ ಮುಂದೆ ತಾರೀಕು, ಬಂದ ಉತ್ತರ. ನನ್ನ ಹೆಸರು ಮೂರು ಕಡೆ ಇತ್ತು. 'ಮಾರ್ಚ್ ಕಳೆಯಲಿ ಎಂದಳು.' ಮುಂದಿನ ವರ್ಷ, 'ಪ್ರಾಜೆಕ್ಟ್ ಇದೆಯಂತೆ.' ಅದರ ಮುಂದಿನ ವರ್ಷ, 'ಕೇಳಲು ಸಂಕೋಚವಾಯಿತು.'

ಡೈರಿ ಮುಚ್ಚಿದೆ. ಬಸ್ಸಿನವರು ಬಾಕಿ ಕೈಗೆ ಬರದೆ ಗಾಡಿ ತೆಗೆಯಲ್ಲ ಅಂತ ಕೂತಿದ್ರು. ಬೀರುವಿನಲ್ಲಿದ್ದ ಚೆಕ್ಕಿಗೆ ಮೇಷ್ಟ್ರ ಸಹಿಯೂ ಬೇಕು. ನಾಲ್ಕೈದು ಜನ ಫೋನ್‌ನಲ್ಲೇ ದುಡ್ಡು ಹಾಕಿ ಹೊಂದಿಸಿದ್ವಿ. ಏಳೂವರೆಗೆ ಬಸ್ ಹೊರಟಿತು. ಮಕ್ಕಳಿಗೆ ಏನೂ ಗೊತ್ತಾಗಲಿಲ್ಲ. ಹಾಡಿಕೊಂಡು, ಕಿರುಚಿಕೊಂಡು ಜಾವಗಲ್ ದಾಟಿದ್ರು.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಕೆಲಸ ಶುರುವಾಗಿದ್ದು 1121ರ ಸುಮಾರಿಗೆ. ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಬೇಲೂರಿನ ಎಷ್ಟೋ ವಿಗ್ರಹಗಳ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಗೈಡ್ ಇದನ್ನ ಮಕ್ಕಳಿಗೆ ಹೇಳ್ತಿದ್ದಾಗ ಒಬ್ಬ ಹುಡುಗ ಕೇಳಿದ, "ಅಪ್ಪ ಕಲಿಸಿದ್ದಾ ಸಾರ್?" ಅಂತ. ಗೈಡ್ ನಕ್ಕು, "ಇನ್ಯಾರು ಕಲಿಸ್ತಾರೆ ಮರಿ" ಅಂದ್ರು.

ನಾನು ಮಾತ್ರ ಬೇರೆ ಏನೋ ಯೋಚನೆ ಮಾಡ್ತಿದ್ದೆ. ಕಲಿಸೋಕೆ ಒಬ್ಬರು ತಯಾರಿದ್ರೆ ಸಾಲದು, ಕಲಿಯೋಕೆ ಒಬ್ಬರು ಬಂದು ಪಕ್ಕದಲ್ಲಿ ಕೂರಬೇಕು. ಹಳೇ ಶಾಸನಗಳಲ್ಲಿ ದೇವಸ್ಥಾನ ಕಟ್ಟಿಸಿದ ವಿಷಯ ಮುಗಿದ ಮೇಲೆ ಇನ್ನೊಂದು ಭಾಗ ಬರುತ್ತೆ. ಪೂಜೆಗೆ ಇಷ್ಟು, ಕೆಲಸದವರ ಜೀವನಕ್ಕೆ ಇಷ್ಟು, ಮುಂದೆ ಜೀರ್ಣೋದ್ಧಾರಕ್ಕೆ ಇಷ್ಟು ಅಂತ ಬಿಟ್ಟ ದತ್ತಿಯ ಲೆಕ್ಕ. ಕಟ್ಟಿದವರಿಗೆ ತಾವು ಇಲ್ಲದ ದಿನದ ಯೋಚನೆ ಇತ್ತು. ನಮ್ಮ ಸಂಘಕ್ಕೆ ಮೇಷ್ಟ್ರು ಇಲ್ಲದ ಒಂದು ಬೆಳಗಿನ ಯೋಚನೆಯೂ ಇರಲಿಲ್ಲ.

ಇದು ನಮ್ಮ ಊರಿನವರಿಗೆ ಮಾತ್ರ ಇರೋ ಕಾಯಿಲೆ ಅಂದ್ಕೊಂಡಿದ್ದೆ. ಆಮೇಲೆ ಆಫೀಸ್ ಕೆಲಸದ ಮೇಲೆ ಕೆಲವು ವಾರ ಸಿಂಗಪುರದಲ್ಲಿದ್ದಾಗ ಗೊತ್ತಾಯ್ತು, ಹಾಗಲ್ಲ ಅಂತ. ಅಲ್ಲಿಗೆ ವಲಸೆ ಬಂದ ಚೀನೀಯರು ತಂತಮ್ಮ ಊರು, ಭಾಷೆ, ಮನೆತನದ ಹೆಸರಲ್ಲಿ ಸಂಘ ಕಟ್ಟಿಕೊಂಡಿದ್ದಾರೆ. ಹೊಕ್ಕಿಯೆನ್ ಭಾಷೆಯವರ ಸಂಘ 1840ರಷ್ಟು ಹಳೇದು. ಹಡಗಿನಿಂದ ಇಳಿದವರಿಗೆ ತಂಗೋಕೆ ಜಾಗ, ಕೆಲಸ, ಸತ್ತರೆ ಮಣ್ಣು ಮಾಡೋಕೆ ನಾಲ್ಕು ಜನ, ಆಮೇಲೆ ಮಕ್ಕಳಿಗೆ ಶಾಲೆ, ಇದೆಲ್ಲಾ ಇಂಥ ಸಂಘಗಳೇ ನೋಡಿಕೊಂಡಿದ್ದವು. ಕಾಲ ಬದಲಾಗಿ ಸರ್ಕಾರವೇ ಮನೆ, ಶಾಲೆ ಕೊಡೋಕೆ ಶುರು ಮಾಡಿದ ಮೇಲೆ ಹೊಸಬರು ಬರೋದು ಕಮ್ಮಿ ಆಯ್ತು. ಹೀಗೇ ಆದ್ರೆ ಮುಚ್ಚಬೇಕಾಗುತ್ತೆ ಅಂತ ಯೋಚನೆ ಮಾಡಿ 1986ರಲ್ಲಿ ಈ ಸಂಘಗಳಲ್ಲಿ ಕೆಲವು ಸೇರಿ ಒಂದು ಒಕ್ಕೂಟ ಮಾಡಿಕೊಂಡವು.

ನನ್ನ ಸಹೋದ್ಯೋಗಿಯೊಬ್ಬಳು ಅವಳ ಅಜ್ಜನ ಊರಿನವರ ಸಂಘದಲ್ಲಿ ಭಾನುವಾರ ಕೆಲಸ ಮಾಡ್ತಾಳೆ. ಮೇಷ್ಟ್ರ ಕಥೆ ಕೇಳಿ ಜೋರಾಗಿ ನಕ್ಕಳು. "ನಮ್ಮಲ್ಲೂ ಇದೇ. ಹಿರಿಯರು ಕುರ್ಚಿ ಬಿಡಲ್ಲ ಅಂತ ನಾವು, ಹುಡುಗರು ಬರಲ್ಲ ಅಂತ ಅವರು. ಮಧ್ಯೆ ಕುರ್ಚಿ ಖಾಲಿ" ಅಂದಳು.

ಕನ್ನಡದವರೂ ಹೋದ ಕಡೆಯೆಲ್ಲಾ ಇದನ್ನೇ ಮಾಡಿದ್ದಾರೆ. ಮುಂಬೈನ ಮೈಸೂರು ಅಸೋಸಿಯೇಷನ್ 1926ರದ್ದು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರದ್ದು. ಸಿಂಗಪುರದಲ್ಲೇ 1996ರಿಂದ ಕನ್ನಡ ಸಂಘ ಇದೆ. ಇಷ್ಟು ವರ್ಷ ಇವು ಉಳಿದಿವೆ ಅಂದ್ರೆ, ಪ್ರತಿ ಸಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಲೆಕ್ಕದ ಪುಸ್ತಕ ದಾಟಿದೆ ಅಂತಲೇ ಅರ್ಥ.

ವಾಪಸ್ ಬಂದ ಮೇಲೆ ಮೇಷ್ಟ್ರ ಮನೆಗೆ ಹೋದೆ. ಅವರು ಚೇತರಿಸಿಕೊಂಡಿದ್ರು, ಉಪ್ಪು ಕಮ್ಮಿ ಊಟ, ಸಂಜೆ ಸ್ಟೇಷನ್ ತನಕ ವಾಕಿಂಗ್. "ಮೇಷ್ಟ್ರೇ, ಲೆಕ್ಕ ಹೇಳಿಕೊಡಿ" ಅಂದೆ. ಡೈರಿ ವಿಷಯ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. "ಬಾಮ್ಮ, ಕೂತ್ಕೋ. ಮೊದಲು ಕಾಫಿ" ಅಂದ್ರು.

ಆರು ಭಾನುವಾರ ಕೂತೆ. ರಸೀದಿ ಪುಸ್ತಕದಲ್ಲಿ ಒಂದು ಹಾಳೆಯೂ ಹರಿದು ಬಿಸಾಕಬಾರದು, ತಪ್ಪಾದ್ರೆ 'ರದ್ದು' ಅಂತ ಬರೆದು ಅಲ್ಲೇ ಬಿಡಬೇಕು ಅನ್ನೋದನ್ನ ಕಲಿತಿದ್ದು ಅಲ್ಲಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು, ನೋಂದಣಿಗೆ ಕನಿಷ್ಠ 7 ಜನ ಬೇಕು, ವರ್ಷಕ್ಕೊಂದು ಸರ್ವಸದಸ್ಯರ ಸಭೆ ಮಾಡಬೇಕು, ಲೆಕ್ಕ ಆಡಿಟ್ ಆಗಬೇಕು, ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು. ಇಪ್ಪತ್ತು ವರ್ಷ ಇದೆಲ್ಲಾ ಒಂದು ಸಲವೂ ತಪ್ಪಿರಲಿಲ್ಲ. ನಾವು ಕಾಫಿ ಕುಡೀತಾ ಆಡಿಕೊಂಡ ಆ ಹಳೇ ಡೈರಿಯಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಇರಲಿಲ್ಲ.

ಆಮೇಲೆ ಸಭೆಯಲ್ಲಿ ಕೆಲವು ಬದಲಾವಣೆ ಮಾಡ್ಕೊಂಡ್ವಿ. ಯಾವುದೂ ದೊಡ್ಡದಲ್ಲ. ಯಾವ ಕೆಲಸಕ್ಕೂ ಇಬ್ಬರು ಇರಬೇಕು, ಒಬ್ಬರು ಮಾಡೋರು, ಒಬ್ಬರು ಪಕ್ಕದಲ್ಲಿ ಕೂತು ಕಲಿಯೋರು. ಎರಡು ವರ್ಷ ಆದ ಮೇಲೆ ಮಾಡೋರು ಎದ್ದು ಕಲಿತವರಿಗೆ ಜಾಗ ಬಿಡಬೇಕು, ಎಷ್ಟೇ ಚೆನ್ನಾಗಿ ಮಾಡ್ತಿದ್ರೂ. ತಿಂಗಳ ಲೆಕ್ಕ ಒಂದೇ ಪುಟದಲ್ಲಿ ಗುಂಪಿಗೆ ಹಾಕಬೇಕು. ಬ್ಯಾಂಕಿನಲ್ಲಿ ಮೂವರ ಸಹಿ ಇರಬೇಕು, ಅವರಲ್ಲಿ ಯಾರಾದ್ರೂ ಇಬ್ಬರದ್ದು ಸಾಕು.

ಇನ್ನೊಂದು, ನನಗೆ ಅತಿ ಮುಖ್ಯ ಅನ್ನಿಸಿದ್ದು. 'ಯಾರಾದರೂ ಬರ್ತೀರಾ?' ಅಂತ ವಾಟ್ಸಾಪ್ ಗುಂಪಿಗೆ ಹಾಕೋದು ಬಿಟ್ಟೆವು. ನೂರ ನಲವತ್ತು ಜನರ ಗುಂಪಿನಲ್ಲಿ ಅದಕ್ಕೆ ಬರೋದು ಮೂವತ್ತು ಕೈ ಮುಗಿಯೋ ಚಿತ್ರ. ಈಗ ಒಬ್ಬರಿಗೆ ಫೋನ್ ಮಾಡಿ ಒಂದು ಕೆಲಸ ಹೇಳ್ತೀವಿ. "ಶನಿವಾರ ಹತ್ತರಿಂದ ಹನ್ನೊಂದು, ನೋಟ್‌ಬುಕ್ ಎಣಿಸಬೇಕು, ಆಗುತ್ತಾ?" ಅಂತ. ಅದಕ್ಕೆ ಜನ ಹೂಂ ಅಂತಾರೆ. ಇಲ್ಲ ಅಂದ್ರೂ ಬೇಜಾರಿಲ್ಲ, ಮುಂದಿನ ತಿಂಗಳು ಮತ್ತೆ ಕೇಳ್ತೀವಿ. 'ಸಂಘಕ್ಕೆ ಬನ್ನಿ' ಅಂದ್ರೆ ಜನ ಹೆದರ್ತಾರೆ, ಒಳಗೆ ಬಂದ್ರೆ ಹೊರಗೆ ಬಿಡಲ್ಲ ಅಂತ. ಹೆದರಿಕೆ ಸರಿಯಾದದ್ದೇ. ಮೇಷ್ಟ್ರನ್ನ ನಾವು ಇಪ್ಪತ್ತು ವರ್ಷ ಬಿಟ್ಟಿರಲಿಲ್ಲವಲ್ಲ!

ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಕಲಿಯೋಕೆ ಬಂದ ಇಬ್ಬರು ಮಧ್ಯದಲ್ಲೇ ಬಿಟ್ಟರು. ಈ ಸಲ ರಾಜ್ಯೋತ್ಸವಕ್ಕೆ ಮೈಕ್ ಹೇಳೋದೇ ಮರೆತುಹೋಗಿತ್ತು. ಮೇಷ್ಟ್ರಿದ್ದಿದ್ರೆ ಹೀಗಾಗ್ತಿರಲಿಲ್ಲ ಅಂತ ಒಬ್ಬರು ನನ್ನ ಕಿವಿಗೆ ಬೀಳೋ ಹಾಗೇ ಹೇಳಿದ್ರು. ಹೌದು, ಆಗ್ತಿರಲಿಲ್ಲ. ಆದ್ರೂ ಮೇಷ್ಟ್ರಿಗೆ ಫೋನ್ ಮಾಡಲಿಲ್ಲ. ಎಲ್ಲಿಂದಲೋ ಒಂದು ಮೈಕ್ ತಂದ್ವಿ.

ಮೊನ್ನೆ ಡಿಸೆಂಬರ್‌ನ ಪ್ರವಾಸಕ್ಕೆ ಮೇಷ್ಟ್ರೂ ಬಂದಿದ್ರು, ಮಫ್ಲರ್ ಸುತ್ತಿಕೊಂಡು, ಕಿಟಕಿ ಪಕ್ಕದ ಸೀಟಿನಲ್ಲಿ. ಕೈಯಲ್ಲಿ ಡೈರಿ ಇರಲಿಲ್ಲ. ಇಷ್ಟು ವರ್ಷ ಮಕ್ಕಳ ತಲೆ ಎಣಿಸೋದ್ರಲ್ಲೇ ದಿನ ಕಳೀತಿತ್ತಂತೆ. ಬೇಲೂರಿನಲ್ಲಿ ಒಂದು ಮದನಿಕೆಯ ಮುಂದೆ ಬಹಳ ಹೊತ್ತು ತಲೆಯೆತ್ತಿ ನಿಂತಿದ್ರು.

ಬಸ್ ಹತ್ತೋವಾಗ ಮಾತ್ರ ತಡೆಯೋಕಾಗದೆ ಕೇಳಿದ್ರು, "ಊಟದವರ ರಸೀದಿ ಇಸ್ಕೊಂಡ್ರಾ?"

ಇಸ್ಕೊಂಡಿರಲಿಲ್ಲ. ಈಗ ಕಲೀತಿರೋ ಹುಡುಗ ಇಳಿದು ಓಡಿದ.

ನೀವೂ ಇಂಥ ಯಾವುದೋ ಒಂದು ಗುಂಪಿನಲ್ಲಿ ಇದ್ದೇ ಇರ್ತೀರಿ, ಮ್ಯೂಟ್ ಮಾಡಿಟ್ಟಿರ್ತೀರಿ. ಅಲ್ಲೂ ಒಬ್ಬರು ಮೇಷ್ಟ್ರು ಇರ್ತಾರೆ. ಈ ಭಾನುವಾರ ಅವರಿಗೊಂದು ಫೋನ್ ಮಾಡಿ, ಒಂದು ಗಂಟೆ ಬಿಡುವಿದೆ ಅನ್ನಿ. ಬೀರುವಿನ ಬೀಗದ ಕೈ ಇನ್ನೊಂದು ಮಾಡಿಸೋಕೆ ಹೆಚ್ಚು ದುಡ್ಡೇನೂ ಆಗಲ್ಲ.