ಮರೆಯಾದ ಮರುಕದ ಪದ

ಇಂಗ್ಲಿಷ್ ಭಾಷೆಯಲ್ಲಿ ‘ರೂತ್‌ಲೆಸ್’ ಎಂಬ ಪದ ಇಂದಿಗೂ ಬಳಕೆಯಲ್ಲಿದೆ. ಆದರೆ ಅದರ ಒಡಲಲ್ಲಿರುವ ‘ರೂತ್’ ಎಂಬ ಪದವನ್ನು ನಿಘಂಟುಗಳು ಪ್ರಾಚೀನ ಪ್ರಯೋಗವೆಂದು ಗುರುತಿಸಿ ಬದಿಗಿರಿಸಿವೆ. ಇಲ್ಲದಿರುವಿಕೆಯನ್ನು ಹೇಳುವ ಪದ ಉಳಿದು, ಇರಬೇಕಾದುದನ್ನು ಹೇಳುವ ಪದ ಅಳಿದುದು ಭಾಷೆಯ ಚರಿತ್ರೆಯ ವಿಚಿತ್ರಗಳಲ್ಲೊಂದು.

ದುಃಖಿಸು, ಪಶ್ಚಾತ್ತಾಪಪಡು ಎಂಬರ್ಥದ ‘ರೂ’ ಎಂಬ ಕ್ರಿಯಾಪದವೇ ಇದರ ಮೂಲ. ‘ಟ್ರೂ’ ಎಂಬುದರಿಂದ ‘ಟ್ರೂತ್’, ‘ಗ್ರೋ’ ಎಂಬುದರಿಂದ ‘ಗ್ರೋತ್’ ಆದಂತೆ ‘ರೂ’ ಎಂಬುದರಿಂದ ‘ರೂತ್’ ಆಯಿತು. ಪಶ್ಚಾತ್ತಾಪವನ್ನು ಸೂಚಿಸುವ ಜರ್ಮನ್ ಪದವೊಂದು ಇದರ ದಾಯಾದಿ. ಬೈಬಲಿನ ರೂತ್ ಎಂಬ ಸಾಧ್ವಿಯ ಹೆಸರು ಮಾತ್ರ ಹೀಬ್ರೂ ಮೂಲದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ೧೪ನೆಯ ಶತಮಾನದ ಚಾಸರನು ಈ ಪದವನ್ನು ಬಳಸಿದನು. ಷೇಕ್ಸ್‌ಪಿಯರನ ‘ಎರಡನೆಯ ರಿಚರ್ಡ್’ ನಾಟಕದಲ್ಲಿ ರಾಣಿಯ ಕಣ್ಣೀರು ಬಿದ್ದ ನೆಲದಲ್ಲಿ ತೋಟಗಾರನು ‘ರೂ’ ಎಂಬ ಗಿಡವನ್ನು ನೆಡಲು ಬಯಸಿ, ಈ ಪದದೊಡನೆ ಶ್ಲೇಷೆಯಾಡುತ್ತಾನೆ. ೧೬೩೭ರಲ್ಲಿ ಮಿಲ್ಟನ್ ತನ್ನ ‘ಲಿಸಿಡಸ್’ ಶೋಕಗೀತೆಯಲ್ಲಿ ಇದನ್ನೇ ಪ್ರಯೋಗಿಸಿದನು.

ಈ ಪದ ಅಳಿದ ಮಾತ್ರಕ್ಕೆ ಆಂಗ್ಲರಲ್ಲಿ ದಯೆ ಬತ್ತಿತೆನ್ನುವುದು ಸಲ್ಲದು. ಫ್ರೆಂಚ್, ಲ್ಯಾಟಿನ್ ಮೂಲದ ‘ಪಿಟಿ’, ‘ಕಂಪ್ಯಾಷನ್’ ಪದಗಳು ಆ ಕೆಲಸವನ್ನು ನಿರ್ವಹಿಸುತ್ತಿವೆ. ಆದರೂ ಒಂದು ನಷ್ಟವಂತೂ ಸಂಭವಿಸಿದೆ. ‘ಪಿಟಿ’ ಮೇಲೆ ನಿಂತು ಕೆಳಗೆ ನೋಡಬಲ್ಲುದು. ‘ರೂತ್’ ಎಂಬುದರಲ್ಲಾದರೋ ತನ್ನ ದುಃಖ ಮತ್ತು ಪರರಿಗಾಗಿ ಪಡುವ ದುಃಖ ಒಂದೇ ಬೇರಿನಿಂದ ಚಿಗುರಿದ್ದವು. ತಾನು ನೋಯದೆ ಕನಿಕರವಿಲ್ಲವೆಂಬ ಅರಿವು ಆ ಪದದಲ್ಲಿಯೇ ಅಡಗಿತ್ತು.

ಕನ್ನಡ ಈ ಸಂಪತ್ತನ್ನು ಇನ್ನೂ ಉಳಿಸಿಕೊಂಡಿದೆ. ‘ಮರುಗು’ ಎಂದರೆ ದುಃಖಿಸುವುದು, ‘ಮರುಕ’ವೆಂದರೆ ಕನಿಕರ. ತರಗತಿಯಲ್ಲಿ ‘ರೂತ್‌ಲೆಸ್’ ಎಂದರೆ ‘ನಿರ್ದಯ’ ಎಂದು ಬರೆಯಿಸಿ ಮುಂದೆ ಸಾಗಿದರೆ ಅರ್ಥ ತಪ್ಪಾಗದು; ಆದರೆ ಅರೆಯಾಗುತ್ತದೆ. ‘ಮರುಕವಿಲ್ಲದವನು, ಅನ್ಯರ ನೋವಿಗೆ ಮರುಗಲಾರದವನು’ ಎಂದು ವಿವರಿಸಿದಾಗ ಎರಡೂ ಭಾಷೆಗಳು ಒಮ್ಮೆಗೇ ಬೆಳಗುತ್ತವೆ. ಪರೀಕ್ಷೆಯ ಅವಸರದಲ್ಲಿ ಸತ್ತ ಪದದ ವಿಚಾರವೇಕೆಂದು ಕೇಳುವವರುಂಟು. ಕರಿಹಲಗೆಯ ಮೇಲೆ ಎರಡು ಸಾಲು ಬರೆಯುವಷ್ಟು ಕಾಲ ಅದಕ್ಕೆ ಸಾಕು.

ದಯೆಗೆ ಅಗ್ರಸ್ಥಾನವಿತ್ತ ಶರಣ ಪರಂಪರೆಯ ನೆರಳಿನಲ್ಲಿರುವ ವಿದ್ಯಾಸಂಸ್ಥೆಗಳಿಗೆ ಇಂತಹ ಪಾಠ ಹೊರಗಿನದಲ್ಲ. ಪದವೊಂದು ನಿಘಂಟಿನಿಂದ ಮರೆಯಾದರೆ ವಿದ್ವಾಂಸರು ಅದನ್ನು ಹುಡುಕಿಕೊಡಬಲ್ಲರು. ಮರುಕವೇ ಮಕ್ಕಳ ಮನಸ್ಸಿನಿಂದ ಮರೆಯಾದರೆ ಯಾವ ನಿಘಂಟೂ ಅದನ್ನು ಮರಳಿಸಲಾರದು.