ಪಥ್ಯಕ್ಕೂ ಲೆಕ್ಕ ಬೇಡವೇ?

ಸಕ್ಕರೆ ಕಾಯಿಲೆಯನ್ನು ಊಟದಿಂದಲೇ ಹಿಮ್ಮೆಟ್ಟಿಸಬಹುದೆಂದರೆ ಹಲವು ವೈದ್ಯರು ನಕ್ಕು ಸುಮ್ಮನಾಗುತ್ತಾರೆ; ಪುಡಿ, ಗುಳಿಗೆ ಮಾರುವವರು ಅದನ್ನೇ ಬಂಡವಾಳ ಮಾಡಿಕೊಳ್ಳುತ್ತಾರೆ. ಪಥ್ಯದ ಶಕ್ತಿ ಎಷ್ಟೆಂದು ಇಬ್ಬರೂ ಸರಿಯಾಗಿ ತೂಗಿಲ್ಲ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನ ಅದನ್ನು ತೂಗಿ ತೋರಿಸಿದೆ. ದಿನಕ್ಕೆ ಸುಮಾರು 850 ಕ್ಯಾಲೊರಿಯ ದ್ರವಾಹಾರವನ್ನಷ್ಟೇ ಮೂರರಿಂದ ಐದು ತಿಂಗಳು ಸೇವಿಸಿ, ಆಮೇಲೆ ಹಂತಹಂತವಾಗಿ ಮಾಮೂಲಿ ಊಟಕ್ಕೆ ಮರಳುವ ಕ್ರಮ ಅಲ್ಲಿತ್ತು. ವರ್ಷ ಕಳೆಯುವಷ್ಟರಲ್ಲಿ ಈ ಗುಂಪಿನ ಶೇ 46 ಮಂದಿಯಲ್ಲಿ ಮಾತ್ರೆಯ ಹಂಗಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ 4. ಹದಿನೈದು ಕಿಲೊ ಅಥವಾ ಹೆಚ್ಚು ತೂಕ ಇಳಿಸಿದವರಲ್ಲಂತೂ ಶೇ 86. ಆದರೆ ಆಯ್ಕೆಯಾದವರೆಲ್ಲ ತೂಕ ಹೆಚ್ಚಿದ್ದವರು, ಕಾಯಿಲೆ ಬಂದು ಆರು ವರ್ಷ ದಾಟದವರು, ಇನ್ಸುಲಿನ್ ತೆಗೆದುಕೊಳ್ಳದವರು. ಮಾತ್ರೆ ನಿಲ್ಲಿಸಿದ್ದೂ ವೈದ್ಯರ ನಿಗಾದಲ್ಲೇ. ಎರಡನೆಯ ವರ್ಷದ ಕೊನೆಗೆ ಶೇ 46 ಇದ್ದದ್ದು ಶೇ 36ಕ್ಕೆ ಇಳಿಯಿತು.

‘ಊಟ ತಾನೆ, ಅಡ್ಡಪರಿಣಾಮ ಏನಿದ್ದೀತು?’ ಎನ್ನುವವರಿದ್ದಾರೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುತ್ತಲೇ ಅನ್ನ, ಮುದ್ದೆಯನ್ನು ಏಕಾಏಕಿ ಅರ್ಧಕ್ಕಿಳಿಸಿದರೆ ಸಕ್ಕರೆ ಪ್ರಮಾಣ ಅಪಾಯಮಟ್ಟಕ್ಕೆ ಕುಸಿಯಬಹುದು: ಮೈ ಬೆವರಿ, ಕೈ ನಡುಗಿ, ಪ್ರಜ್ಞೆ ತಪ್ಪುವಷ್ಟು. ಟೈಪ್ 1 ರೋಗಿ ಪಥ್ಯವನ್ನೇ ನಂಬಿ ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಕುತ್ತು. ನವಣೆ, ಸಾಮೆಗಳಲ್ಲಿ ನಾರಿನಂಶ ಹೆಚ್ಚಿರುವುದು ನಿಜ. ಆದರೂ ಅವುಗಳ ಬಹುಪಾಲು ಪಿಷ್ಟವೇ. ಎರಡು ತಟ್ಟೆ ಉಂಡರೆ ಸಕ್ಕರೆ ಏರದೆ ಇರದು.

ಪೂರಕ ಗುಳಿಗೆಗಳ ಕಥೆಯೇ ಬೇರೆ. ಮೆಟ್‌ಫಾರ್ಮಿನ್ ದೀರ್ಘಕಾಲ ಸೇವಿಸಿ ಬಿ12 ಕಡಿಮೆಯಾದವರಿಗೆ ಅದನ್ನು ಕೊಡಲೇಬೇಕು. ಕೊರತೆಯೇ ಇಲ್ಲದವರು ನುಂಗಿದರೆ ಲಾಭವೇನು? ಅಮೆರಿಕದಲ್ಲಿ 25,871 ಮಂದಿಯ ಮೇಲೆ ನಡೆದ ‘ವೈಟಲ್’ ಪ್ರಯೋಗದಲ್ಲಿ ವಿಟಮಿನ್ ಡಿ ಕ್ಯಾನ್ಸರನ್ನಾಗಲಿ ಹೃದಯಾಘಾತವನ್ನಾಗಲಿ ತಗ್ಗಿಸಲಿಲ್ಲ. ನಮ್ಮ ಅಂಗಡಿಗಳ ಡಬ್ಬಿಗಳನ್ನು ತಿರುಗಿಸಿ ನೋಡಿ: ಮುಂದೆ ‘ಶುಗರ್ ಕಂಟ್ರೋಲ್’ ಎಂಬ ದಪ್ಪಕ್ಷರ, ಹಿಂದೆ ‘ಔಷಧ ಬಳಕೆಗಲ್ಲ’ ಎಂಬ ಸಣ್ಣಕ್ಷರ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆಹಾರದ ವೇಷ ಹಾಕಿದವರು ಅದರಿಂದ ನುಣುಚಿಕೊಳ್ಳುತ್ತಾರೆ.

‘ವೈದ್ಯರಿಗೂ ಮಾತ್ರೆ ಕಂಪನಿಗಳ ಹಂಗಿಲ್ಲವೇ? ಊಟದ ಬಗ್ಗೆ ಎರಡು ಮಾತು ಆಡಲೂ ಅವರಿಗೆ ಪುರುಸೊತ್ತಿಲ್ಲ’ ಎಂಬ ದೂರನ್ನು ತಳ್ಳಿಹಾಕಲಾಗದು. ‘ಸ್ವೀಟ್ ಬಿಡಿ, ವಾಕ್ ಮಾಡಿ’ ಎಂದು ರೋಗಿಯನ್ನು ಸಾಗಹಾಕಿದ್ದರಿಂದಲೇ ಪವಾಡ ಮಾರುವವರಿಗೆ ಗಿರಾಕಿ ಸಿಕ್ಕಿದ್ದು. ಹಾಗೆಂದು ವೈದ್ಯರ ಉದಾಸೀನವೇ ಗುಳಿಗೆಯ ಗುಣಕ್ಕೆ ಪುರಾವೆಯಾಗದು. 2023ರ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಅವರಿಗೆ ಕೊಡುವ ಚೀಟಿಯಲ್ಲಿ ಮಾತ್ರೆಯ ಜೊತೆಗೆ ಪಥ್ಯವೂ ಇರಲಿ: ಯಾವುದನ್ನು, ಎಷ್ಟು, ಎಷ್ಟು ದಿನ ಎಂಬ ಲೆಕ್ಕ ಸಮೇತ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಅದನ್ನು ನೋಡಿ ಮಾತ್ರೆ ಇಳಿಸಲಿ ಅಥವಾ ಮುಂದುವರಿಸಲಿ. ಈ ಪರೀಕ್ಷೆಗೆ ಒಪ್ಪದವರ ಮಾತು ಕೇಳಿ ಯಾರೂ ಮಾತ್ರೆ ಬಿಡಬೇಕಿಲ್ಲ.